ತಂಬಿಗೆಯಲ್ಲಿ ನಿಂತ ತಪ್ಪಲ

ವಿದ್ಯಾಗಿರಿಯ ನಮ್ಮ ಪಕ್ಕದ ಮನೆಯ ಅಕ್ಕನವರು ಉಳ್ಳಾಗಡ್ಡಿ ತಪ್ಪಲವನ್ನು, ಅಂದರೆ ಈರುಳ್ಳಿ ಸೊಪ್ಪನ್ನು, ಎಂದೂ ಮಲಗಿಸಿ ಇಟ್ಟವರಲ್ಲ. ತಂಬಿಗೆಯಲ್ಲಿ ಬೇರು ಮುಳುಗುವಷ್ಟೇ ನೀರು ಹಾಕಿ ನಿಲ್ಲಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದರು. “ಕಿತ್ತದ್ದೆಲ್ಲಾ ಸತ್ತಂಗಲ್ರಿ” ಎನ್ನುತ್ತಿದ್ದರು.

ಅವರ ಯಜಮಾನರು ಸಂತೆಯಿಂದ ತಪ್ಪಲ ತಂದ ದಿನವೇ ದವಾಖಾನೆ ಸೇರಿದರು. ಅಲ್ಲಿ ತುತ್ತು ಅನ್ನವನ್ನೂ ಮುಟ್ಟಲಿಲ್ಲ. ಅಕ್ಕನವರು ದಿನಾ ಮುಂಜಾನೆ ತಂಬಿಗೆಯ ನೀರು ಬದಲಿಸಿಯೇ ಅವರನ್ನು ನೋಡಲು ಹೋಗುತ್ತಿದ್ದರು.

“ಹೊಸಾದು ತಂದ್ರಾತಲ್ರಿ, ಅಕ್ಕಾರ” ಎಂದೆ ನಾನು.

“ಅವರು ಆರಿಸಿ ತಂದದ್ದರಿ. ಅವರಿಗೇ ತಿನ್ನಸ್ತೇನಿ.”

ಯಜಮಾನರು ಮನೆಗೆ ಮರಳಿದ ಮಧ್ಯಾಹ್ನ ಅಕ್ಕನವರು ಬಟ್ಟೆ ಸರಿಸಿದರು. ನಾನು ಬೆರಗಾಗಿ ನಿಂತೆ. ಹಳೆಯ ಎಲೆಗಳ ನಡುವೆ ಹೊಸ ಸುಳಿ ಬೆರಳುದ್ದ ಎದ್ದಿತ್ತು. ಯಜಮಾನರು ರೊಟ್ಟಿಯೊಂದಿಗೆ ಅದನ್ನು ಹಸಿಯಾಗಿಯೇ ಕರಕ್ಕೆಂದು ಕಚ್ಚಿದರು.

“ಭಾಳ ಖಾರ ಐತಿ ನೋಡು, ನಿನ್ನಂಗ.”

“ಸುಮ್ಮನ ತಿನ್ರಿ” ಎಂದ ಅಕ್ಕನವರು ಇನ್ನೊಂದು ರೊಟ್ಟಿ ಬಡಿಯಲು ಒಳಗೆ ಓಡಿದರು.