ಮೊಮ್ಮಗಳ ಕಿವಿಗೆ ನಾನು ಬಿಟ್ಟ ಎಣ್ಣೆ

ಇದು ನಡೆದು ಎರಡು ವರ್ಷವಾಯಿತು. ನನ್ನ ಮೊಮ್ಮಗಳು ಅಕ್ಷತಾ ಸಿಂದಗಿಯ ಕಾಲೇಜಿನಲ್ಲಿ ಪಿಯುಸಿ ಎರಡನೆಯ ವರ್ಷ ಪಾಸಾಗಿದ್ದಳು. ಕಾರಹುಣ್ಣಿಮೆ ಮುಗಿದು ಒಂದು ವಾರವಾಗಿತ್ತು. ಆಗ ಅವಳಿಗೆ ಹದಿನೇಳು. ಈಗ ಅದೇ ಹುಡುಗಿ ಒಬ್ಬಳೇ ಕುಳಿತು ವಿಮಾನ ಹಾರಿಸುತ್ತಾಳೆ. ಹೌದು, ಖರೆ ವಿಮಾನ! ಸಣ್ಣದು, ಎರಡೇ ಕುರ್ಚಿಯದು, ಮೂಗಿನ ಮೇಲೆ ಒಂದೇ ಪಂಖ ತಿರುಗುತ್ತದೆ, ಆದರೂ ವಿಮಾನವೇ. ನಮ್ಮೂರು ಯಂಕಂಚಿಯಲ್ಲಿ ಯಾರು ಎದುರು ಬಂದರೂ ನಾನು ನಿಲ್ಲಿಸಿ ಇದನ್ನು ಹೇಳುತ್ತೇನೆ. ಸಿಂದಗಿ ಬಸ್ಸಿನ ಕಂಡಕ್ಟರಿಗೂ ಹೇಳಿದ್ದೇನೆ. ಅವನು ಟಿಕೆಟ್ ಕೊಡುವುದನ್ನು ಬಿಟ್ಟು ಕೇಳಿದ.

ಆದರೆ ಎಲ್ಲರಿಗೂ ಹೇಳುವಾಗ ನಡುವಿನ ಒಂದು ಸಂಗತಿಯನ್ನು ನುಂಗಿಕೊಂಡು ಹೇಳುತ್ತಿದ್ದೆ. ಅದನ್ನೇ ಇಲ್ಲಿ ಬರೆಯುತ್ತೇನೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನನ್ನ ಮಗ ಶಿವಾನಂದನಿಗೆ ಸಿಂದಗಿಯಲ್ಲಿ ಗೊಬ್ಬರ, ಬೀಜದ ಅಂಗಡಿ ಇದೆ. ಒಂದು ವರ್ಷ ನಮ್ಮ ತೊಗರಿಗೆ ಔಷಧ ಹೊಡೆಯಲು ಡ್ರೋನ್ ತರಿಸಿದ. ಊರಿನ ಹುಡುಗರೆಲ್ಲ ಅದರ ಹಿಂದೆ ಓಡಿದರು. ಅಕ್ಷತಾ ಮಾತ್ರ ಬದುವಿನ ಮೇಲೆ ಸುಮ್ಮನೆ ನಿಂತಿದ್ದಳು. ನನಗೆ ಹೇಳಿದಳು:

“ಆಯಿ, ಆ ಯಂತ್ರ ಮ್ಯಾಲ ಹೋಗಿ ನಮ್ಮ ಹೊಲಾ ನೋಡಾಕತ್ತೈತಿ. ನಾ ಕೆಳಗ ನಿಂತು ಅದನ್ನ ನೋಡೂದು. ಇದ್ಯಾವ ನ್ಯಾಯ?”

“ಹಂಗಾರ ನೀನೂ ಹತ್ತಿ ಕುಂಡ್ರು,” ಎಂದೆ ನಗುತ್ತ.

“ಹತ್ತತೇನಿ, ನೋಡ್ತಿರು.”

ನಾನು ಅದನ್ನು ಮರೆತೆ. ಅವಳು ಮರೆಯಲಿಲ್ಲ. ಪಿಯುಸಿ ಮುಗಿಯುವುದರೊಳಗೆ ಮಹಾರಾಷ್ಟ್ರದ ಕಡೆ ಸಣ್ಣ ವಿಮಾನ ಹಾರಿಸಲು ಕಲಿಸುವ ಒಂದು ಶಾಲೆಯನ್ನು ತಾನೇ ಹುಡುಕಿ, ಪರೀಕ್ಷೆ ಬರೆದು ಪಾಸಾಗಿದ್ದಳು. ಅಪ್ಪನನ್ನು ಒಪ್ಪಿಸಲು ಎರಡು ತಿಂಗಳು ಬೇಕಾಯಿತು. ಉಳಿದದ್ದು ಡಾಕ್ಟರರ ತಪಾಸಣೆ ಒಂದೇ. ಕಣ್ಣು, ಕಿವಿ, ಎದೆ ಎಲ್ಲ ನೋಡಿ ಅವರು ಸಹಿ ಹಾಕಿಕೊಟ್ಟರೆ ಮುಂದಿನ ತಿಂಗಳು ಶುರುವಾಗುವ ತಂಡಕ್ಕೆ ಅವಳು ಸೇರಬಹುದಿತ್ತು.

ನನಗೆ ಹಿಗ್ಗೋ ಹಿಗ್ಗು. ಅದೇ ಹಿಗ್ಗಿನಲ್ಲಿ ಓಣಿಯ ನೀಲವ್ವನ ಮನೆಗೆ ಹೋದೆ. ಊರಿಗೆಲ್ಲ ವಿಮಾನ ಹತ್ತಿದವಳು ಅವಳೇ. ಮಗಳ ಜೊತೆ ಕಾಶಿಗೆ ಹೋಗಿ ಬಂದಿದ್ದಳು.

“ಯಕ್ಕಾ, ವಿಮಾನ ಏರಿತಂದ್ರ ಕಿವಿ ಗಪ್ ಅಂತ ಮುಚ್ಚಿ ಬಿಡ್ತಾವ,” ಎಂದಳು ನೀಲವ್ವ. “ಬಂದ ಮ್ಯಾಲೂ ಎಂಟ ದಿನ ನನಗ ಏನೂ ಕೇಳಿಸಲಿಲ್ಲ.”

“ಆ ಎಂಟ ದಿನ ನಿನ್ನ ಸೊಸಿಗಿ ಹಬ್ಬ ಆಗಿರಬೇಕು,” ಎಂದು ಚೇಷ್ಟೆ ಮಾಡಿದೆ. ಆದರೆ ಮಾತು ತಲೆಯಲ್ಲಿ ಕುಳಿತುಬಿಟ್ಟಿತು. ಒಂದು ಸಲ ಹತ್ತಿ ಇಳಿದವಳಿಗೇ ಹೀಗಾದರೆ, ದಿನಾ ಹತ್ತುವವಳ ಗತಿ ಏನು?

ನಮ್ಮಲ್ಲಿ ಕಿವಿಗೆ ಒಂದೇ ಔಷಧ. ಬಳ್ಳೊಳ್ಳಿ ಜಜ್ಜಿ ಹಾಕಿ ಕಾಯಿಸಿದ ಎಣ್ಣೆ. ನನಗೆ ನನ್ನ ಅವ್ವ ಬಿಟ್ಟಿದ್ದಳು, ನಾನು ನನ್ನ ಮಕ್ಕಳಿಗೆ ಬಿಟ್ಟಿದ್ದೆ. ನೋವು ಬಂದ ಮೇಲೆ ಬಿಡುವುದು ಎಲ್ಲರಿಗೂ ಗೊತ್ತು. ಮೊದಲೇ ಬಿಟ್ಟು ಕಿವಿಯನ್ನು ಗಟ್ಟಿ ಮಾಡಿಬಿಟ್ಟರೆ ಮೇಲೆ ಹೋದಾಗ ಮುಚ್ಚುವುದೇ ಇಲ್ಲ ಎಂದು ನನಗೆ ನಾನೇ ಲೆಕ್ಕ ಹಾಕಿದೆ.

ತಪಾಸಣೆಗೆ ಹೊರಡುವ ಹಿಂದಿನ ಮಧ್ಯಾಹ್ನ ಮಗ ಅಂಗಡಿಯಲ್ಲಿದ್ದ, ಸೊಸೆ ಹೊಲಕ್ಕೆ ಹೋಗಿದ್ದಳು. ಅಕ್ಷತಾಳನ್ನು ಕರೆದು ತೊಡೆಯ ಮೇಲೆ ತಲೆ ಇಡು ಎಂದೆ.

“ಬ್ಯಾಡ ಆಯಿ, ಡಾಕ್ಟರ್ ಕಿವಿ ನೋಡವ್ರದಾರ.”

“ನೋಡ್ಲಿ ಬಿಡು, ಸ್ವಚ್ಛ ಕಾಣ್ತಾವ. ನಿಮ್ಮಪ್ಪಗೂ ನಾನ ಬಿಟ್ಟೇನಿ. ಅವಗೇನ ಕೇಳಸೂದಿಲ್ಲೇನು?”

“ಎಲ್ಲಿ ಕೇಳಸ್ತೈತಿ? ಮಮ್ಮಿ ಸಂತಿಗಿ ಹೋಗಂದ್ರ ಒಟ್ಟ ಕೇಳಸೂದಿಲ್ಲ.”

ಇಬ್ಬರೂ ನಕ್ಕೆವು. ಆದರೂ ಬೇಡ ಎಂದೇ ಹೇಳಿದಳು. ಕೊನೆಗೆ ನಾನು, “ನೀ ಬ್ಯಾಡಂದ್ರ ನಾ ಇವತ್ತು ಉಣ್ಣೂದಿಲ್ಲ,” ಎಂದುಬಿಟ್ಟೆ. ಅವಳು ತಲೆ ಇಟ್ಟಳು.

ಎಣ್ಣೆ ಎಷ್ಟು ಬಿಸಿ ಇದೆ ಎಂದು ಅಂಗೈಗೆ ಒಂದು ಹನಿ ಹಾಕಿಕೊಂಡು ನೋಡಿದೆ. ಉಗುರುಬೆಚ್ಚಗಿದೆ ಅನ್ನಿಸಿತು. ಐವತ್ತು ವರ್ಷ ಜೋಳದ ರೊಟ್ಟಿ ಬಡಿದು, ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲೇ ಹೊರಳಿಸಿದ ಕೈ ನನ್ನದು. ಆ ಕೈಗೆ ಬಿಸಿ ತಿಳಿಯುವುದು ನಿಂತು ಎಷ್ಟು ವರ್ಷವಾಗಿತ್ತೋ! ಎಡಗಿವಿಗೆ ಬಿಟ್ಟ ಕೂಡಲೇ ಹುಡುಗಿ ಚಿಟ್ಟನೆ ಚೀರಿದಳು.

“ಸುಡ್ತೈತಿ ಆಯಿ!”

“ಬಿಸಿ ಇದ್ರನ ಗುಣಾ. ಅಲುಗಾಡಬ್ಯಾಡ,” ಎಂದು ತಲೆಯನ್ನು ಒತ್ತಿ ಹಿಡಿದೆ. ಹಿಡಿದದ್ದು ನಾನೇ. ಬಲಗಿವಿಗೆ ಮಾತ್ರ ಅವಳು ಬಿಡಗೊಡಲಿಲ್ಲ. ಎದ್ದು ಹೋದಳು.

ಮರುದಿನ ಮಗ, ಮೊಮ್ಮಗಳು ತಪಾಸಣೆಗೆಂದು ಪುಣೆಗೆ ಹೊರಟಾಗ ನಾನೂ ಬರುತ್ತೇನೆಂದು ಹಠ ಹಿಡಿದು ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವಳು ಎಡಗಿವಿಯ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದಳು. ಬಸ್ಸಿನ ಗಾಳಿಗೆ ಎಂದು ನನಗೆ ನಾನೇ ಹೇಳಿಕೊಂಡೆ.

ದವಾಖಾನೆಯಲ್ಲಿ ಕಣ್ಣು ನೋಡಿದರು, ಎದೆ ನೋಡಿದರು, ಎಲ್ಲ ಸರಿ. ಆಮೇಲೆ ಒಂದು ಗಾಜಿನ ಕೋಣೆಯಲ್ಲಿ ಕೂಡಿಸಿ ಕಿವಿಗೆ ಹೆಡ್‌ಫೋನ್ ಹಾಕಿ ಕೈಯಲ್ಲಿ ಒಂದು ಗುಂಡಿ ಕೊಟ್ಟರು. ಸಪ್ಪಳ ಕೇಳಿಸಿದಾಗೊಮ್ಮೆ ಅದನ್ನು ಒತ್ತಬೇಕು. ನಾನು ಹೊರಗಿನಿಂದ ಅವಳ ಬೆರಳನ್ನೇ ನೋಡುತ್ತಿದ್ದೆ. ಬಲಗಿವಿಯ ಸರದಿಯಲ್ಲಿ ಬೆರಳು ಚಟಚಟ ಒತ್ತಿತು. ಎಡಗಿವಿಯ ಸರದಿ ಬಂದಾಗ ಸುಮ್ಮನಾಯಿತು. ಅವಳು ಕಣ್ಣು ಮುಚ್ಚಿ, ಹುಬ್ಬು ಗಂಟು ಹಾಕಿ ಕೇಳುತ್ತಿದ್ದಳು. ಬೆರಳು ಒತ್ತಲಿಲ್ಲ.

ಡಾಕ್ಟರು ಬ್ಯಾಟರಿ ಹಾಕಿ ಕಿವಿಯೊಳಗೆ ನೋಡಿದರು. ನಮಗೂ ಅಷ್ಟಿಷ್ಟು ಬರುವ ಮರಾಠಿಯಲ್ಲಿ, ತಿಳಿಯುವಂತೆ ನಿಧಾನವಾಗಿ ಹೇಳಿದರು. ಕಿವಿಯೊಳಗೆಲ್ಲ ಊದಿದೆ, ಪರದೆ ಸುಟ್ಟ ಹಾಗೆ ಕೆಂಪಾಗಿದೆ. ಹೀಗಿರುವಾಗ ಸಹಿ ಹಾಕಲಾರೆ. ಮಾಯ್ದ ಮೇಲೆ ಬನ್ನಿ, ನೋಡೋಣ. ಪೂರ್ತಿ ಮಾಯದಿದ್ದರೆ ಮಗಳು ಈ ಆಸೆ ಬಿಡಬೇಕಾಗುತ್ತದೆ. ಇಷ್ಟು ಹೇಳಿ, “ಇದರೊಳಗೆ ಕಾದ ಎಣ್ಣೆ ಹಾಕಿದವರು ಯಾರು?” ಎಂದು ಕೇಳಿದರು.

ಅಕ್ಷತಾ ಒಂದು ಸಲ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆಗೂ ಬಂದಿತ್ತು. ಅಷ್ಟರಲ್ಲಿ ಅವಳೇ ಹೇಳಿದಳು, “ನಾನ ಹಾಕ್ಕೊಂಡೇನ್ರಿ. ತುರಸಾಕತ್ತಿತ್ತು.”

ಶಿವಾನಂದ ಚೀಟಿ ತೆಗೆದುಕೊಂಡು ಎದ್ದ. ಹೊರಗೆ ಬಂದ ಮೇಲೆ ಅಂದ: “ತನ್ನ ಒಂದ ಕಿವಿ ಕಾಯಾಕ ಆಗದಾಕಿ, ನಾಳಿ ವಿಮಾನ ಏನ ಕಾಯ್ತೀ?” ಊರಿಗೆ ಬಂದ ಮೇಲೂ ಅದನ್ನೇ ಅಂದ. ಬೀಗರು ಬಂದಾಗ ಅವರ ಮುಂದೆ, ಅಂಗಡಿಯ ಗಿರಾಕಿಗಳ ಮುಂದೆ, ಹೋದಲ್ಲಿ ಬಂದಲ್ಲಿ ಅಂದ. ಅವನಿಗೂ ಸಂಕಟವಿತ್ತು. ತಂಡ ಇವಳನ್ನು ಬಿಟ್ಟು ಶುರುವಾಗಿತ್ತು. ಹುಡುಗಿ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ನಾನು ಅಲ್ಲೇ ಬಾಗಿಲಲ್ಲಿ ತೊಗರಿ ಕೇರುತ್ತ ಕುಳಿತಿರುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ. ಮಗನ ಕಣ್ಣಲ್ಲಿ ಸಣ್ಣವಳಾಗುತ್ತೇನೆ ಎಂಬ ಅಂಜಿಕೆ. ದಿನ ಕಳೆದಂತೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಇನ್ನೊಂದು ಅಂಜಿಕೆ.

ದೇವರ ದಯೆ, ಸೀಗಿಹುಣ್ಣಿಮೆಯ ಹೊತ್ತಿಗೆ ಕಿವಿ ಮಾಯ್ದಿತು. ಮತ್ತೆ ಪುಣೆಗೆ ಹೋಗಿ ಬಂದರು. ಈ ಸಲ ನಾನು ಹೋಗಲಿಲ್ಲ. ಸಹಿ ಸಿಕ್ಕಿತು. ಸಂಕ್ರಾಂತಿಯ ಮರುದಿನ ಅವಳು ಹೊಸ ತಂಡಕ್ಕೆ ಸೇರಿದಳು. ದಿನಾ ಫೋನಿನಲ್ಲಿ ಅದೇ ಮಾತು. ಇವತ್ತು ರಸ್ತೆಯ ಮೇಲೆ ಓಡಿಸಿದೆ, ಇವತ್ತು ಮೇಲೆ ಎಬ್ಬಿಸಿದೆ, ಇವತ್ತು ಇಳಿಸುವಾಗ ಕಪ್ಪೆ ಜಿಗಿದಂಗ ಜಿಗಿಸಿದೆ. ನನ್ನ ಕಿವಿ ತಂಪಾಗುತ್ತಿತ್ತು.

ಯುಗಾದಿ ಕಳೆದು ಕೆಲವು ದಿನಕ್ಕೆ, “ಸರ್ ನನ್ನ ಒಬ್ಬಾಕಿನ್ನ ಬಿಡ್ತೇನಂದಾರ, ಬರ್ರಿ,” ಎಂದು ಫೋನ್ ಮಾಡಿದಳು. ಮಗ, ಸೊಸೆ, ನಾನು ಹೋದೆವು. ಬಯಲಿನಂಥ ಜಾಗ, ನಡುವೆ ಉದ್ದನೆಯ ಡಾಂಬರು. ಕಲಿಸುವ ಸರ್ ಅವಳ ಜೊತೆ ಒಂದು ಸುತ್ತು ಹಾಕಿ, ಇಳಿದು, ಬಾಗಿಲು ಮುಚ್ಚಿ, ಹೋಗು ಎಂದು ಕೈ ಮಾಡಿದರು. ನನ್ನ ಅಕ್ಷತಾ ಒಬ್ಬಳೇ! ವಿಮಾನ ಓಡಿತು, ಹಗುರಾಯಿತು, ಎದ್ದಿತು. ಗೊರವಂಕ ಹಕ್ಕಿಯಷ್ಟಾಯಿತು. ಸೊಸೆ ನನ್ನ ಕೈ ಹಿಡಿದುಕೊಂಡಳು. ಒಂದು ದೊಡ್ಡ ಸುತ್ತು ಬಂದು, ಚಕ್ರ ಡಾಂಬರಿಗೆ ಮುಟ್ಟಿದ್ದೇ ತಿಳಿಯದ ಹಾಗೆ ಇಳಿಸಿದಳು. ನಾನು ಮಗನ ಬೆನ್ನಿಗೆ ಗುದ್ದಿದೆ, ಅತ್ತೆ, ನಕ್ಕೆ, ಕಂಡವರಿಗೆಲ್ಲ ನನ್ನ ಮೊಮ್ಮಗಳು ಎಂದೆ.

ಅವಳು ಇಳಿದು ಬಂದ ಕೂಡಲೇ ಜೊತೆಯ ಹುಡುಗರು ಬಕೆಟ್ಟಿನ ನೀರು ಅವಳ ತಲೆಯ ಮೇಲೆ ಸುರಿದರು. ಒಬ್ಬರೇ ಹಾರಿ ಬಂದವರಿಗೆ ಅಲ್ಲಿ ಹಾಗೆ ಮಾಡುವ ಪದ್ಧತಿಯಂತೆ. ನನಗೆ ಹೇಗೆ ಗೊತ್ತಾಗಬೇಕು? “ಏ, ಕಿವ್ಯಾಗ ನೀರ ಹೋಗ್ತಾವ, ಬಿಡ್ರೋ ಆಕೀನ!” ಎಂದು ಒದರಿ ಓಡಿಹೋಗಿ ಅವಳ ಎಡಗಿವಿಗೆ ನನ್ನ ಸೆರಗು ಒತ್ತಿ ಹಿಡಿದೆ. ಎಲ್ಲರೂ ನಕ್ಕರು.

“ಅವ್ವಾ, ಯಾಕಿಷ್ಟ ಒದರ್ತಿ? ಕಿವಿ ಯಾವಾಗೋ ಮಾಯ್ದೈತಿ,” ಎಂದ ಮಗ.

“ಆ ಕಿವಿ ಸುಟ್ಟಾಕಿ ನಾನ, ಶಿವಾನಂದ. ಆಕಿ ಅಲ್ಲ,” ಎಂದೆ. ಹೇಗೆ ಬಂತೋ, ಬಂದುಬಿಟ್ಟಿತು.

ಅವನು ನನ್ನ ಕಡೆ ತಿರುಗಿದ. ಬೈಯಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಮಗಳ ತಲೆ ಒರೆಸತೊಡಗಿದ. ಎಡಗಿವಿಯ ಹತ್ತಿರ ಬಂದಾಗ ಮೆಲ್ಲಗೆ ಒತ್ತಿ ಒರೆಸಿದ.

ಸಂಜೆ ನಾನೂ ಅಕ್ಷತಾ ಇಬ್ಬರೇ ಕುಳಿತಿದ್ದಾಗ ಅವಳ ಕೈ ಹಿಡಿದು, “ತಪ್ಪಾತವ್ವಾ,” ಎಂದೆ.

“ಹೋಗ್ಲಿ ಬಿಡ ಆಯಿ,” ಎಂದಳು. ಆಮೇಲೆ ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: “ಡಾಕ್ಟರ್ ಮುಂದ ನಿನ್ನ ಮಾನ ಹೋಗಬಾರ್ದಂತ ನಾ ಹಂಗಂದ್ನಿ. ಮನಿಗಿ ಹೋದ ಮ್ಯಾಲ ಅಪ್ಪಗ ನೀನ ಹೇಳ್ತಿ ಅನ್ಕೊಂಡಿದ್ನಿ. ಭಾಳ ದಿನ ಹಾದಿ ನೋಡಿದ್ನಿ.”

ಅವಳ ಸಂತೋಷ ನೆನೆದರೆ ಇವತ್ತಿಗೂ ನನ್ನ ಎದೆ ತುಂಬುತ್ತದೆ. ಈ ಮಾತು ನೆನೆದರೆ ತುತ್ತು ಇಳಿಯುವುದಿಲ್ಲ. ಕಿವಿ ಮಾಯುತ್ತಿದ್ದ ಆ ತಿಂಗಳುಗಳಲ್ಲಿ ಅವಳು ದಿನಾ ಸಂಜೆ ಒಲೆಯ ಹತ್ತಿರ ಬಂದು ನನ್ನ ಪಕ್ಕ ಸುಮ್ಮನೆ ಕುಳಿತುಕೊಳ್ಳುತ್ತಿದ್ದಳು. ಅಪ್ಪ ಊಟಕ್ಕೆ ಬಂದು ಕೂತ ಮೇಲೂ ಏಳುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಬಿಸಿ ರೊಟ್ಟಿಯ ಆಸೆಗೆ ಕುಳಿತಿದ್ದಾಳೆ ಎಂದುಕೊಂಡು, ನಾನು ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ.