ಬಿಸಿನೀರಿನ ಮಂಗಳವಾರ

ಕಳೆದ ವರ್ಷ ಯುಗಾದಿ ಮುಗಿದ ವಾರ ನನ್ನ ಬಲಗಣ್ಣು ಮಂಜಾಯಿತು. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಹದಿನಾಲ್ಕು ವರ್ಷದಿಂದ ಬ್ಲೌಸ್ ಹೊಲಿಯುವವಳು ನಾನು, ಮಂಜುಳಾ. ಸೂಜಿಗೆ ದಾರ ಪೋಣಿಸಿಕೊಡಿ ಎಂದು ಯಾರನ್ನೂ ಕರೆದವಳಲ್ಲ. ಅವತ್ತು ಕೈಯಲ್ಲಿದ್ದ ಕೆಂಪು ದಾರ ಬಣ್ಣ ಹೋದ ಹಾಗೆ ಕಂಡಿತು. ಮೂರನೆಯ ದಿನ ಎಡಗಾಲಿಗೆ ಜೋಮು. ಶಿವಾಜಿನಗರದಲ್ಲಿ ಹೊರಮಾವಿನ ಬಸ್ಸು ಹತ್ತುವಾಗ ಕಂಡಕ್ಟರ್ "ಅಕ್ಕಾ, ಚಪ್ಪಲಿ ಕೆಳಗೇ ಬಿಟ್ಬಿಟ್ರಿ" ಎಂದ ಮೇಲೆಯೇ ನನ್ನ ಕಾಲು ಬರಿಗಾಲೆಂದು ತಿಳಿದದ್ದು.

ಕಣ್ಣಿನ ಡಾಕ್ಟರು ಇಂದಿರಾನಗರದ ಒಬ್ಬ ನರರೋಗದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಅವರು ಸ್ಕ್ಯಾನ್ ನೋಡಿ "ಮಲ್ಟಿಪಲ್ ಸ್ಕ್ಲೆರೋಸಿಸ್" ಎಂದರು. ನಾನು ಕಕ್ಕಾಬಿಕ್ಕಿಯಾದದ್ದು ಕಂಡು ಮೇಜಿನ ಮೇಲಿದ್ದ ಚಾರ್ಜರ್ ವೈರು ಎತ್ತಿ ಹಿಡಿದರು. "ನರದ ಮೇಲೂ ಹಿಂಗೇ ಒಂದು ಕೋಟಿಂಗ್ ಇರುತ್ತೆ. ನಿಮ್ಮ ದೇಹಾನೇ ಅದನ್ನ ಅಲ್ಲಲ್ಲಿ ಕೆರೆದು ಹಾಕ್ತಿದೆ. ಪೂರ್ತಿ ವಾಸಿ ಮಾಡ್ತೀನಿ ಅನ್ನಲ್ಲ. ಹಿಡಿದು ನಿಲ್ಸೋಕೆ ಒಳ್ಳೇ ಔಷಧಿ ಇದೆ."

ಐದು ದಿನ ಡ್ರಿಪ್ ಹಾಕಿದರು. ಕೆಲವು ವಾರಗಳಲ್ಲಿ ಕಣ್ಣು ತಿಳಿಯಾಯಿತು, ಮನೆಯಲ್ಲೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಶುರುವಾಯಿತು. ನಾನು ನಮ್ಮ ಹೊರಮಾವಿನ ಹಳೇ ಊರಿನ ಮಾರಮ್ಮನಿಗೆ ಒಂಬತ್ತು ಮಂಗಳವಾರ ದರ್ಶನಕ್ಕೆ ಬರುತ್ತೇನೆಂದು ಹರಕೆ ಹೊತ್ತೆ.

ಸಂಕಟ ಶುರುವಾದದ್ದೇ ಆಮೇಲೆ. ಮೊದಲ ಮಂಗಳವಾರ ತಲೆಗೆ ಸ್ನಾನ ಮಾಡಿ, ಬಿಸಿಲಲ್ಲಿ ನಡೆದು ಹೋಗಿ ಗರ್ಭಗುಡಿಯ ಮುಂದೆ ನಿಂತೆ. ಪೂಜಾರಿ ಮಂಗಳಾರತಿ ಎತ್ತಿದರು. ಅಮ್ಮನ ಮುಖವೇ ಕಾಣಲಿಲ್ಲ. ಬಲಗಣ್ಣಿಗೆ ಒದ್ದೆ ಬಟ್ಟೆ ಕಟ್ಟಿದ ಹಾಗಿತ್ತು, ಎಡಗಣ್ಣು ಕಣ್ಣೀರಿನಲ್ಲಿತ್ತು. ಮನೆಗೆ ಬಂದು ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಕುಳಿತರೆ ಗೋಡೆಯ ಕ್ಯಾಲೆಂಡರಿನ ತಿಥಿ ಕೂಡ ಸ್ಪಷ್ಟ. ಎರಡನೆಯ ವಾರವೂ ಹಾಗೇ, ಮೂರನೆಯ ವಾರವೂ ಹಾಗೇ. ಊರೆಲ್ಲ ಕಾಣುವ ಕಣ್ಣಿಗೆ ಅಮ್ಮನೊಬ್ಬಳು ಕಾಣಳು.

ನನ್ನ ಅತ್ತೆ ನಲವತ್ತು ವರ್ಷದಿಂದ ಆ ಗುಡಿಗೆ ನಡೆದುಕೊಳ್ಳುವವರು. "ಅಮ್ಮ ನಿಂಗೆ ಮುಖ ಕೊಡ್ತಿಲ್ಲ ಕಣೇ" ಎಂದರು. "ಅರ್ಧ ನಂಬಿಕೆ ಡಾಕ್ಟರ್ ಮೇಲೆ, ಅರ್ಧ ಅಮ್ಮನ ಮೇಲೆ ಅಂದ್ರೆ ಯಾರು ತಾನೇ ಮುಖ ಕೊಡ್ತಾರೆ? ಆ ಇಂಜೆಕ್ಷನ್ ಬಿಡು."

ನಾನು ಬಾಯಿ ಸತ್ತವಳಲ್ಲ, ಜಗಳವಾಡಿದೆ. ಆದರೆ ಐದನೆಯ ಮಂಗಳವಾರವೂ ಅಮ್ಮ ಕಾಣದಿದ್ದಾಗ ನನ್ನ ಎದೆ ಒಡೆಯಿತು. ಇಂಜೆಕ್ಷನ್ ಬಿಡುವುದೆಂದು ನಿಶ್ಚಯಿಸಿದೆ. ಹೇಳದೆ ಬಿಡುವುದು ನನ್ನ ಜಾಯಮಾನವಲ್ಲ, ಡಾಕ್ಟರಿಗೆ ಹೇಳಿಯೇ ಬಿಡೋಣವೆಂದು ಹೊರಟೆ. ಬಸ್ಸಿನ ಕಿಟಕಿಯ ಪಕ್ಕ ಕುಳಿತು ಬೇಡಿಕೊಂಡೆ: "ನಾನು ನಿಂಗೆ ಬೇಡ ಅಂದ್ರೆ ಬೇಡ ಅಂತ ಹೇಳ್ಬಿಡು ತಾಯಿ. ಯಾರ ಬಾಯಲ್ಲಾದ್ರೂ ಹೇಳ್ಸು."

ಡಾಕ್ಟರಮ್ಮ ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು, "ಮಂಗಳವಾರ ಎದ್ದಾಗಿಂದ ಏನೇನ್ ಮಾಡ್ತೀರಿ, ಒಂದೊಂದಾಗಿ ಹೇಳಿ" ಎಂದರು.

"ಸ್ನಾನ ಮಾಡ್ತೀನಿ."

"ನೀರು ಎಷ್ಟು ಬಿಸಿ?"

"ಗೀಸರ್ ಇದ್ರೂ ಮಡಿಗೆ ಹಂಡೆ ನೀರೇ ಆಗ್ಬೇಕು ಮೇಡಂ. ಅತ್ತೆ ಬೆಂಕಿ ಹಾಕ್ತಾರೆ. ಮೈ ಕೆಂಪಾಗೋಷ್ಟು ಬಿಸಿ."

"ಬೇರೆ ದಿನ?"

"ಬೇರೆ ದಿನ ಬಸ್ಸಿಗೆ ಲೇಟಾಗುತ್ತೆ. ನಲ್ಲಿ ನೀರು ಎರಡು ಚೊಂಬು ಹುಯ್ಕೊಂಡು ಓಡ್ತೀನಿ."

ಅವರು ನಕ್ಕರು. "ಕೋಟಿಂಗ್ ಹೋದ ನರ ಶಾಖ ತಡ್ಕೊಳ್ಳಲ್ಲ ರೀ. ಹಂಡೆ ನೀರು, ಬಿಸಿಲು, ಗುಡಿ ಒಳಗಿನ ಸೆಖೆ. ಮೈ ಬಿಸಿಯಾದ್ರೆ ಕಣ್ಣು ಮಂಜಾಗುತ್ತೆ, ತಣ್ಣಗಾದ್ರೆ ಸರಿಹೋಗುತ್ತೆ. ಹೊಸದಾಗಿ ಏನೂ ಕೆಟ್ಟಿಲ್ಲ. ತಣ್ಣೀರಲ್ಲಿ ಸ್ನಾನ ಮಾಡಿ, ಆಟೋದಲ್ಲಿ ಹೋಗಿ. ಇಂಜೆಕ್ಷನ್ ಮಾತ್ರ ಬಿಡ್ಬೇಡಿ."

"ಹಂಗಾದ್ರೆ ಅಮ್ಮ ಸಿಟ್ಟಾಗಿಲ್ವಾ ಮೇಡಂ?"

"ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ. ನೀರು ಬಿಸಿ ಇತ್ತು, ಅಷ್ಟು ಮಾತ್ರ ನಂಗೊತ್ತು."

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ನಲವತ್ತು ವರ್ಷದಿಂದ ಆ ತಾಯಿಗೆ ತಂಪು ಮಾಡ್ತಿದೀನಿ. ಬೇವಿನ ನೀರು, ಮಜ್ಜಿಗೆ, ತಂಬಿಟ್ಟು. ಒಂದಿನಾನೂ ಅವಳು ಬಿಸೀದು ಕೇಳಿದವಳಲ್ಲ. ನಿನ್ನ ಮಾತ್ರ ಕುದಿಯೋ ನೀರು ಹುಯ್ದು ಕಳಿಸ್ದೆನಲ್ಲೇ."

ಆರನೆಯ ಮಂಗಳವಾರ ಹಂಡೆಯ ಕೆಳಗೆ ಬೆಂಕಿ ಹೊತ್ತಲಿಲ್ಲ. ಅತ್ತೆಯೇ ಬಿಂದಿಗೆಗೆ ಬೇವಿನ ಸೊಪ್ಪು ಹಾಕಿ ನನ್ನ ತಲೆಯ ಮೇಲೆ ತಣ್ಣೀರು ಸುರಿದರು. "ತಣ್ಣಗಿರು ತಾಯಿ" ಎಂದರು. ಗುಡಿಯಲ್ಲಿ ಅಮ್ಮನಿಗೆ ಹೇಳುವ ಮಾತು ಅದು. ಮಂಗಳಾರತಿಯ ಹೊತ್ತಿಗೆ ನಾನು ಹಟ ಹಿಡಿದು ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಿಂದಲೇ ನೋಡಿದೆ. ಅಮ್ಮನ ಹಣೆಯ ಕುಂಕುಮ ಕಂಡಿತು. ಮೂಗುತಿಯ ಹರಳು ಕಂಡಿತು. ಕೆಂಪು ಕೆಂಪಾಗಿಯೇ ಇತ್ತು. ನಾನು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಕಾಯಿಲೆ ಹೋಯಿತೆಂದು ನಿಮಗೆ ಸುಳ್ಳು ಹೇಳಲಾರೆ. ಇಂಜೆಕ್ಷನ್ ನಡೆದಿದೆ, ಹೊಲಿಗೆಯೂ ನಡೆದಿದೆ. ಒಂಬತ್ತು ವಾರ ಮುಗಿದ ಮೇಲೆ ತಂಬಿಟ್ಟಿನ ಪ್ರಸಾದ ಒಯ್ದು ಡಾಕ್ಟರಮ್ಮನಿಗೆ ಕೊಟ್ಟೆ. ಅಲ್ಲೇ ಮುರಿದು ಬಾಯಿಗೆ ಹಾಕಿಕೊಂಡರು. ಯಾರ ಬಾಯಲ್ಲಾದರೂ ಹೇಳಿಸು ಎಂದು ಕೇಳಿದ್ದೆನಲ್ಲ, ಅಮ್ಮ ಹೇಳಿಸಿದ್ದು ಆ ಬಾಯಲ್ಲೇ. ಅವಳನ್ನು ನಂಬುವ ನೀವೆಲ್ಲರೂ ಇದನ್ನು ಕೇಳಬೇಕು ಎಂದೇ ಬರೆದೆ.

ಈಗ ಪ್ರತಿ ಮಂಗಳವಾರ ಬೆಳಿಗ್ಗೆ ಅತ್ತೆ ಎರಡು ಬಿಂದಿಗೆ ತಣ್ಣೀರು ತುಂಬುತ್ತಾರೆ. ಒಂದು ಅಮ್ಮನಿಗೆ, ಒಂದು ನನಗೆ.