ಪುನ್ನಮ್ಮ ಕೇಳಿದ ರಕ್ತಪರೀಕ್ಷೆ

ಮಂಗಳಗಿರಿಯ ನೇಕಾರರ ಬೀದಿಯಲ್ಲಿ ಮಗ್ಗದ ಹಳೆ ಹಾಸಿನ ಉದ್ದೆಳೆಗಳಿಗೆ ಹೊಸ ಎಳೆ ಜೋಡಿಸಬೇಕಾದರೆ ಪುನ್ನಮ್ಮನ ಕೈಯೇ ಆಗಬೇಕು. ಬೆರಳಿಗೆ ಬೂದಿ ಮುಟ್ಟಿಸಿ ಎರಡು ತುದಿ ಹೊಸೆದಳೆಂದರೆ ಎಲ್ಲಿ ಕೂಡಿತೆಂದು ನೇಯುವವನಿಗೂ ತಿಳಿಯದು. ಅಂಥವಳ ಹಿರಿಮಗಳು ಝಾನ್ಸಿಗೆ ಆರನೇ ವರ್ಷಕ್ಕೆ ಬೆರಳು ಮುದುರತೊಡಗಿ, ಇಪ್ಪತ್ತಾಗುವಷ್ಟರಲ್ಲಿ ಮಣಿಕಟ್ಟಿನ ಮೂಳೆಗಳೇ ಕರಗಿದವು. ಊರ ಬೆಟ್ಟದ ಪಾನಕಾಲಸ್ವಾಮಿಗೆ ಹರಕೆ, ಎಣ್ಣೆ, ವಾತದ ಮಾತ್ರೆ ಎಲ್ಲ ಆಯಿತು. ಪುನ್ನಮ್ಮ ಸೋದರಮಾವನನ್ನೇ ಮದುವೆಯಾದವಳು. ಆ ಗಂಡ ಸಾಂಬಯ್ಯ ದೇವರ ಮೇಲೆ ಸಿಟ್ಟಿಟ್ಟುಕೊಂಡೇ ತೀರಿಹೋದ.

ಕೊನೆಗೆ ಹೈದರಾಬಾದಿನ ಡಾಕ್ಟರಮ್ಮ ತಾಯಿ ಮಕ್ಕಳ ರಕ್ತ ಪರೀಕ್ಷಿಸಿ ಕೂರಿಸಿಕೊಂಡು ಹೇಳಿದರು.

“ಮೈಯಲ್ಲಿ ಜೀವಕೋಶಗಳ ಸುತ್ತ ಒಂದು ಹಂದರ ಇರುತ್ತಮ್ಮ. ಅದರಲ್ಲಿ ಹಳೇದನ್ನ ಕತ್ತರಿಸಿ ತೆಗೆಯೋ ಕಿಣ್ವ ಒಂದಿದೆ. ಅದನ್ನ ಮಾಡಿಸೋ ಜೀನಿನ ಹೆಸರು ಎಂಎಂಪಿ-ಟೂ. ಝಾನ್ಸಿಗೆ ಅಪ್ಪನಿಂದ ಬಂದದ್ದೂ ಕೆಟ್ಟಿದೆ, ನಿನ್ನಿಂದ ಬಂದದ್ದೂ ಕೆಟ್ಟಿದೆ.”

“ತೆಗೆಯೋದು ಕೆಟ್ಟರೆ ಮೂಳೆ ಹೆಚ್ಚಬೇಕಲ್ವಾ ತಾಯಿ? ಕರಗೋದ್ಯಾಕೆ?”

“ಅದು ನಮಗೂ ಪೂರ್ತಿ ಗೊತ್ತಿಲ್ಲ.”

ಕಿರಿಮಗಳು ಕನಕಳಿಗೆ ಒಂದು ಕೆಟ್ಟಿತ್ತು, ಒಂದು ಸರಿಯಿತ್ತು. ಅವಳಿಗೇನೂ ಆಗದು, ಅಂಥದ್ದೇ ಕೆಟ್ಟ ಜೀನು ಇರುವವನನ್ನು ಕಟ್ಟಿಕೊಂಡರೆ ಮಾತ್ರ ಮಕ್ಕಳಿಗೆ ಬಂದೀತು. ಪುನ್ನಮ್ಮನಿಗೆ ಅಳು ಬರಲಿಲ್ಲ. ಬಸ್ಸಿನಲ್ಲಿ ಪುಳಿಯೋಗರೆ ತಿಂದಳು, ರುಚಿ ಗೊತ್ತಾಗಲಿಲ್ಲ.

ಕನಕ ತೊಟ್ಟಿಲಲ್ಲಿದ್ದಾಗಲೇ ಅವಳು ಪುನ್ನಮ್ಮನ ತಮ್ಮ ಏಡುಕೊಂಡಲುವಿನ ಮಗ ಶ್ರೀಹರಿಗೆ ಎಂದು ಮಾತಾಗಿತ್ತು. ಇಬ್ಬರೂ ಅದನ್ನೇ ನಂಬಿಕೊಂಡು ಬೆಳೆದಿದ್ದರು. ಮಾಘದಲ್ಲಿ ಏಡುಕೊಂಡಲು ಮಗನನ್ನು ಕರೆದುಕೊಂಡು ನಿಶ್ಚಯದ ತಾಂಬೂಲದ ತಟ್ಟೆ ತಂದ. ಪುನ್ನಮ್ಮ ಕೈ ಚಾಚಲಿಲ್ಲ.

“ಮೊದಲು ಹುಡುಗನ ರಕ್ತ ಪರೀಕ್ಷೆ ಮಾಡಿಸೋ,” ಅಂದಳು.

“ನನ್ನ ಮಗನೇನು ಸಂತೆ ಎತ್ತಾ ಅಕ್ಕಾ, ಹಲ್ಲು ನೋಡಿ ಕೊಳ್ಳೋಕೆ? ತವರಿನ ರಕ್ತಕ್ಕೇ ಹೆಸರಿಡ್ತೀಯಲ್ಲ!”

“ಆ ರಕ್ತ ನನ್ನದೂ ಹೌದು ಕಣೋ.”

ಕನಕ ಬಾಗಿಲ ಮರೆಯಿಂದ ಹೊರಗೆ ಬಂದಳು. “ಬಾವಾ, ಒಂದು ಸೂಜಿಚುಚ್ಚು ಅಷ್ಟೇ. ನೀನಾದ್ರೂ ಹೇಳು.”

ಶ್ರೀಹರಿ ನೆಲ ನೋಡಿದ. “ಅಪ್ಪ ಹೆಂಗಂದ್ರೆ ಹಂಗೆ.”

ತಟ್ಟೆ ವಾಪಸ್ಸಾಯಿತು, ತಮ್ಮನ ಮನೆಯ ಬಾಗಿಲೂ ಮುಚ್ಚಿತು. ವರ್ಷ ತುಂಬುವುದರೊಳಗೆ ಅವನಿಗೆ ತೆನಾಲಿಯ ಪರಸಂಬಂಧದ ಹುಡುಗಿ ಬಂದಳು. ತವರಿಲ್ಲದ ಹೆಣ್ಣಿಗೆ ಉಸಿರಿಲ್ಲ ಅನ್ನುತ್ತಾರೆ. ಉಸಿರಿಲ್ಲದೆಯೂ ದಿನಕ್ಕೆರಡು ಹಾಸು ಜೋಡಿಸಬಹುದೆಂದು ಪುನ್ನಮ್ಮ ತೋರಿಸಿಕೊಟ್ಟಳು. ಕನಕಳನ್ನು ನೋಡಲು ಬಂದವರು ಝಾನ್ಸಿಯ ಕೈ ನೋಡಿ ಕಾಫಿ ಕುಡಿದು ಎದ್ದುಹೋದರು. ಕನಕ ಮಗ್ಗಕ್ಕೆ ಕೂತಳು. ಅಮ್ಮನೊಡನೆ ಬೇಕಾದಷ್ಟೇ ಮಾತು.

ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು.

“ಅತ್ತೇ, ಶ್ರೀಹರಿ. ನಮ್ಮವಳು ಬಸುರಿ. ಭಯ ಆಯ್ತು, ಅಪ್ಪನಿಗೆ ಹೇಳದೆ ಪರೀಕ್ಷೆ ಮಾಡಿಸಿದೆ. ನನ್ನಲ್ಲಿ ಆ ದೋಷ ಇಲ್ಲವಂತೆ. ನಿಮಗೂ ಸಮಾಧಾನ ಆಗ್ಲಿ ಅಂತ ಹೇಳ್ದೆ.”

“ಒಳ್ಳೇದಾಯ್ತಪ್ಪ,” ಅಂದಳು ಪುನ್ನಮ್ಮ. ಸಂಕಟವಾಗಬೇಕಿತ್ತು. ಏನೂ ಆಗಲಿಲ್ಲ, ಅದಕ್ಕೇ ನಾಚಿಕೆಯಾಯಿತು.

ಕನಕ ಲಾಳಿ ನಿಲ್ಲಿಸಿದಳು. “ಯಾರಮ್ಮಾ?”

ಬಚ್ಚಿಡಬಹುದಿತ್ತು. ಬಚ್ಚಿಡಲಿಲ್ಲ. “ಶ್ರೀಹರಿ. ಪರೀಕ್ಷೆ ಮಾಡಿಸಿದನಂತೆ. ಅವನಿಗಿಲ್ಲ.”

ಕನಕ ತುಂಡಾದ ಎಳೆಯೊಂದನ್ನು ಹೆಕ್ಕಿ ಹೊಸೆದಳು.

“ಹಂಗಾದ್ರೆ ನಮ್ಮ ಮಕ್ಕಳಿಗೆ ಏನೂ ಆಗ್ತಿರ್ಲಿಲ್ಲ,” ಅಂದಳು.

“ಆಗ್ತಿರ್ಲಿಲ್ಲ ಮಗಳೇ.”